ಪಟ್ಟಿಯಲ್ಲಿ ತಾಯಿಯ ಹೆಸರು: ಯೆಮನ್ ಸೆರೆಯಾಳು ವಿನಿಮಯದಲ್ಲಿ ನನ್ನ ಅನುಭವ

2020ರ ಅಕ್ಟೋಬರ್ 15 ಮತ್ತು 16. ಆ ಎರಡು ದಿನಗಳಲ್ಲಿ ಯೆಮನ್ ಯುದ್ಧದ 1,056 ಸೆರೆಯಾಳುಗಳು ರೆಡ್ ಕ್ರಾಸ್ ವಿಮಾನಗಳಲ್ಲಿ ಮನೆ ಕಡೆ ಹೊರಟರು. ಟಿವಿಯಲ್ಲಿ ಎಲ್ಲರೂ ನೋಡಿದ್ದು ವಿಮಾನದ ಮೆಟ್ಟಿಲು, ಅಪ್ಪುಗೆ, ಅಳು. ನಾನು ಹೆಸರು ತಾಳೆ ನೋಡುವ ತಂಡದಲ್ಲಿದ್ದೆ. ನನ್ನ ಕಣ್ಣಿಗೆ ಜಾಸ್ತಿ ಬಿದ್ದಿದ್ದು ಪಟ್ಟಿಗಳೇ.

2018ರ ಡಿಸೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಮಾತುಕತೆ ನಡೆದಾಗ ಎರಡೂ ಕಡೆಯವರು, ಅಂದರೆ ಯೆಮನ್ ಸರ್ಕಾರ ಮತ್ತು ಹೌತಿ ಬಂಡುಕೋರರು, ಸೆರೆಸಿಕ್ಕ ತಮ್ಮವರ ಪಟ್ಟಿ ಕೊಟ್ಟರು. ಒಟ್ಟು ಸುಮಾರು 15,000 ಹೆಸರು. ಆದರೆ ವಿಮಾನ ಹಾರೋಕೆ ಹತ್ತಿರ ಹತ್ತಿರ ಎರಡು ವರ್ಷ ಬೇಕಾಯಿತು. ಯಾಕಿಷ್ಟು ತಡ ಅಂತ ಕೇಳುವವರಿದ್ದಾರೆ. ದೇಶ ದೇಶಗಳ ಯುದ್ಧವಾದರೆ, ಕಾದಾಟ ನಿಂತ ಮೇಲೆ ಸೆರೆಯಾಳುಗಳನ್ನು ಬಿಡಲೇಬೇಕು ಅನ್ನುತ್ತದೆ 1949ರ ಮೂರನೇ ಜಿನೀವಾ ಒಪ್ಪಂದ. ಒಂದೇ ದೇಶದೊಳಗಿನ ಯುದ್ಧಕ್ಕೆ ಆ ಕಟ್ಟುಪಾಡು ಇಲ್ಲ. ಇಲ್ಲಿ ಒಂದೊಂದು ಹೆಸರಿಗೂ ಚೌಕಾಸಿ ನಡೆಯುತ್ತದೆ. "ಈತ ನಮ್ಮಲ್ಲಿಲ್ಲ" ಅಂದುಬಿಟ್ಟರೆ ಅಲ್ಲಿಗೆ ಮಾತು ನಿಂತಿತು.

ಯೆಮನ್‌ನಲ್ಲಿ ಹೆಸರು ಅಂದರೆ ತನ್ನದು, ಅಪ್ಪನದು, ಅಜ್ಜನದು, ಮನೆತನದ್ದು. ನಾಲ್ಕೂ ಹೊಂದಿದರೂ ಮನುಷ್ಯ ಬೇರೆ ಇರಬಹುದು. ಹೊರಡುವ ಮುಂಚೆ ಪ್ರತಿಯೊಬ್ಬರನ್ನೂ ಏಕಾಂತದಲ್ಲಿ ಮಾತಾಡಿಸಲೇಬೇಕು. ಕಾವಲಿನವರು ಕೋಣೆಯೊಳಗೆ ಇರುವಂತಿಲ್ಲ. ನೀವು ಯಾರು, ಆರೋಗ್ಯ ಹೇಗಿದೆ, ಆ ಕಡೆ ಹೋಗೋಕೆ ನಿಮಗೆ ಒಪ್ಪಿಗೆಯೇ? ಈ ಕೊನೆಯ ಪ್ರಶ್ನೆಯನ್ನು ಸುಮ್ನೆ ಶಾಸ್ತ್ರಕ್ಕೆ ಕೇಳಬಾರದು. ಬೇಡ ಅನ್ನುವ ಹಕ್ಕು ಅವರಿಗಿದೆ. ಅಲ್ಲಿ ಹೋದರೆ ಜೀವಕ್ಕೆ ಅಪಾಯ ಅಂತ ಹೆದರುವವರೂ ಇರುತ್ತಾರೆ, ಅಲ್ವಾ?

ಒಬ್ಬ ಯುವಕ ಬಂದು ಕೂತ. ಯಾರು, ಎಲ್ಲಿ ಅನ್ನುವುದನ್ನು ಬರೆಯುವಂತಿಲ್ಲ. ನಾಲ್ಕೂ ಹೆಸರು ಸರಿಯಾಗಿದ್ದವು. ವಯಸ್ಸು ಮಾತ್ರ ಹನ್ನೊಂದು ವರ್ಷ ಕಮ್ಮಿ. ತಾಯಿಯ ಹೆಸರು ಕೇಳಿದೆ. ಅವನು ತಲೆ ತಗ್ಗಿಸಿದ. ಗೊತ್ತಿಲ್ಲದವರ ಮುಂದೆ ತಾಯಿಯ ಹೆಸರು ಹೇಳಲು ಅಲ್ಲಿ ಹಲವರಿಗೆ ಸಂಕೋಚ. ಕಾಗದ, ಪೆನ್ನು ಅವನ ಕಡೆ ಸರಿಸಿದೆ. ತುಂಬಾ ಹೊತ್ತಾದ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು ಬರೆದ. ನಮ್ಮ ಪಟ್ಟಿಯಲ್ಲಿದ್ದ ಹೆಸರು ಅದಲ್ಲ.

ಆ ರಾತ್ರಿ ಎರಡೂ ಕಡೆಗೆ ಫೋನ್ ಮೇಲೆ ಫೋನ್. ಯಾರೂ ಮೋಸ ಮಾಡಿರಲಿಲ್ಲ, ಹೆಸರು ಒಂದೇ ಇತ್ತು ಅಷ್ಟೆ. ಆದರೆ ಒಬ್ಬ ತಪ್ಪು ಮನುಷ್ಯ ವಿಮಾನ ಹತ್ತಿದರೂ ಆ ಕಡೆಯವರು "ನಮಗೆ ಟೋಪಿ ಹಾಕಿದರು" ಅನ್ನುತ್ತಾರೆ, ಉಳಿದವರ ವಿಮಾನವೂ ನಿಲ್ಲುತ್ತದೆ. ಕೊನೆಗೆ ಎರಡೂ ಕಡೆಯವರು ಒಪ್ಪಿ, ಆ ಯುವಕನೇ ಹೋಗಲಿ ಅಂದರು. ಅವನನ್ನೂ ಅವನ ಮನೆಯವರು ಹುಡುಕುತ್ತಿದ್ದರು.

ಹಾಗಾದರೆ ಪಟ್ಟಿಯಲ್ಲಿದ್ದ ಆ ಇನ್ನೊಬ್ಬ? ಅವನು ಸಿಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಮತ್ತೆ ಸುಮಾರು 900 ಜನರ ಬಿಡುಗಡೆಯಾಯಿತು. ಆಗಲೂ ಮೊದಲು ಅವನ ಹೆಸರನ್ನೇ ಹುಡುಕಿದೆ. ಇರಲಿಲ್ಲ.

ಶಾಂತಿಯ ತಯಾರಿ ಅಂದಾಗ ಜನ ಸಂವಿಧಾನ, ಚುನಾವಣೆ, ಗಡಿ ಅಂತ ಮಾತಾಡುತ್ತಾರೆ. ಅವೆಲ್ಲ ಬೇಕು. ನನಗೆ ಮಾತ್ರ ಈ ಪಟ್ಟಿಗಳದ್ದೇ ಚಿಂತೆ. ಯುದ್ಧ ನಿಂತ ಮರುದಿನ ಮನೆಯವರು ಬಂದು ಕೇಳುವುದು "ನಮ್ಮವನೆಲ್ಲಿ" ಅಂತ. ಉತ್ತರ ಹುಡುಕಲು ಯಾವ ಊರು, ಯಾವ ದಿನ, ಕೊನೆಗೆ ನೋಡಿದವರು ಯಾರು ಅನ್ನುವುದು ಈಗಲೇ ಬರೆದಿಟ್ಟಿರಬೇಕು. ಸಿಗದೆ ಉಳಿದ ಆ ಇನ್ನೊಬ್ಬನ ಸಾಲನ್ನು ನಾನು ಅಳಿಸಿಲ್ಲ. ಷರಾ ಕಾಲಂನಲ್ಲಿ ಹೀಗೆ ಬರೆದೆ: ಇದೇ ಹೆಸರಿನ ಇನ್ನೊಬ್ಬ ಮನೆ ಸೇರಿದ್ದಾನೆ, ಈತ ಅವನಲ್ಲ, ತಾಯಿಯ ಹೆಸರು ನೋಡಿ.