ಒಂದೇ ಸಿನಿಮಾ, ಎರಡು ಕತ್ತರಿ: ನಾನು ಹೋಲಿಸಿ ನೋಡಿದ ಬಗೆ

ಹುಬ್ಬಳ್ಳಿಯಲ್ಲಿ ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಒಂದೇ ಸಿನಿಮಾದ ಎರಡು ಆವೃತ್ತಿ ಮುಂದಿಟ್ಟುಕೊಂಡು ಹೋಲಿಸಿ ನೋಡುವ ಹುಚ್ಚು ನನಗೆ ಹತ್ತಿದ್ದು ಒಂದು ಮದುವೆಯಿಂದ.

ಮದುವೆ ನವಲಗುಂದದ ಕಡೆಯದು. ಅಂತರಪಟ ಸರಿಯಿತು, ಅಕ್ಕಿಕಾಳು ಬಿದ್ದವು. ಆ ಗದ್ದಲದಲ್ಲಿ ಮದುಮಗಳ ತಮ್ಮ ತಲೆಗೆ ಸುತ್ತಿದ್ದ ಪಟಗಾ ಜಾರಿ ಅವನ ಮೂಗಿನ ಮೇಲೆ ಬಂದು ಕೂತಿತು. ಅದನ್ನು ನೋಡಿ ಅವಳು ಬಾಯ್ತುಂಬ ನಕ್ಕಳು. ಪಟಗಾದ ಶಾಟ್ ಹನ್ನೊಂದು ಸೆಕೆಂಡ್, ನಗುವಿನದು ಆರು. ಎಡಿಟ್ ನೋಡಲು ಬಂದ ಹುಡುಗಿಯ ಅಪ್ಪ, "ಪಟಗಾದ್ದು ಅಷ್ಟು ತಗದ ಬಿಡ್ರಿ, ಬೀಗರ ಮುಂದ ಚೊಲೋ ಅನಸೂದಿಲ್ಲ" ಅಂದರು. ತೆಗೆದೆ. ನಗು ಚೆಂದ ಇತ್ತು, ಅದನ್ನು ಉಳಿಸಿದೆ.

ತಿಂಗಳಾದ ಮೇಲೆ ಅದೇ ಮನೆಯಿಂದ ಫೋನ್ ಬಂತು. ವಿಡಿಯೋ ನೋಡಿದವರೆಲ್ಲ ಒಂದೇ ಮಾತು ಕೇಳುತ್ತಿದ್ದರಂತೆ: "ತಾಳಿ ಕಟ್ಟೂ ಹೊತ್ತಿಗೆ ಹುಡುಗಿ ಯಾಕ ಹಂಗ ನಗಾಕತ್ತಾಳ?" ಗಂಡಿನ ಕಡೆಯ ಹಿರಿಯರೊಬ್ಬರು ಅದನ್ನು ಸೊಕ್ಕು ಅಂದುಬಿಟ್ಟಿದ್ದರು. ನಗುವಿನ ಶಾಟ್‌ನಲ್ಲಿ ನಾನು ಒಂದು ಫ್ರೇಮನ್ನೂ ಮುಟ್ಟಿರಲಿಲ್ಲ. ಪಕ್ಕದ ಶಾಟ್ ಹೋಗಿತ್ತು, ಅಷ್ಟೇ. ಅಷ್ಟಕ್ಕೇ ನಗುವಿನ ಅರ್ಥ ತಿರುಗಿಬಿಟ್ಟಿತ್ತು.

ಅದೇ ದಿನಗಳಲ್ಲಿ ರಿಡ್ಲಿ ಸ್ಕಾಟ್ ಅವರ 'ಕಿಂಗ್‌ಡಮ್ ಆಫ್ ಹೆವನ್' ನೋಡಿದೆ. 2005ರಲ್ಲಿ ಥಿಯೇಟರಿಗೆ ಬಂದದ್ದು 144 ನಿಮಿಷದ ಸಿನಿಮಾ. ನಿರ್ದೇಶಕರ ಆವೃತ್ತಿ, ಅಂದರೆ ನಿರ್ದೇಶಕ ತನಗೆ ಬೇಕಾದ ಹಾಗೆ ಕಟ್ಟಿದ್ದು, ಮೂರು ಗಂಟೆ ದಾಟುತ್ತದೆ. ನಾನು ಮೊದಲು ನೋಡಿದ್ದು ಚಿಕ್ಕದನ್ನು. ಅದರ ಕೊನೆಯ ಭಾಗದಲ್ಲಿ ರಾಣಿ ಸಿಬಿಲ್ಲಾ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಊರಿಗೆ ಮುತ್ತಿಗೆ ಬೀಳುವ ಹೊತ್ತು, ಒಡಹುಟ್ಟಿದ ರಾಜ ಸತ್ತಿದ್ದಾನೆ, ಅದಕ್ಕೇ ಇರಬೇಕು ಅಂದುಕೊಂಡೆ. ಮನಸ್ಸಿಗೆ ಮಾತ್ರ ತಟ್ಟಲಿಲ್ಲ. ಉದ್ದದ್ದನ್ನು ನೋಡಿದಾಗ ಗೊತ್ತಾಯಿತು, ಅವಳಿಗೆ ಒಬ್ಬ ಚಿಕ್ಕ ಮಗ ಇದ್ದ. ಪಟ್ಟ ಅವನಿಗೇ ಬರುತ್ತದೆ. ರಾಜನಿಗಿದ್ದ ಕುಷ್ಠ ಆ ಮಗುವಿಗೂ ಬಂದಿದೆ. ಮುಖವಾಡದ ಹಿಂದೆ ಆ ರಾಜನ ಜೀವ ಕರಗಿಹೋದದ್ದನ್ನು ಕಣ್ಣಾರೆ ಕಂಡವಳು ಅವಳು. ಮಗನಿಗೆ ಆ ಪಾಡು ಬೇಡ ಅಂತ ತನ್ನ ಕೈಯಾರೆ ವಿಷ ಕೊಡುತ್ತಾಳೆ. ಆಮೇಲೆ ಬರುತ್ತದೆ ಆ ಕೂದಲಿನ ದೃಶ್ಯ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಥಿಯೇಟರ್ ಆವೃತ್ತಿಯಿಂದ ಮಗನ ಕತೆಯನ್ನೇ ಪೂರ್ತಿ ಎತ್ತಿಹಾಕಿದ್ದರು. ತಾಯಿ ಮಾತ್ರ ಉಳಿದಿದ್ದಳು, ಯಾಕೆ ಅಳುತ್ತಾಳೆ ಅಂತ ಯಾರಿಗೂ ತಿಳಿಯದ ಹಾಗೆ.

ಅಲ್ಲಿಂದ ಹೋಲಿಸಿ ನೋಡುವುದನ್ನು ಶಿಸ್ತಾಗಿ ಶುರು ಮಾಡಿದೆ. ಧಾರವಾಡದ ಸಪ್ತಾಪುರದಲ್ಲಿ ಗೆಳೆಯನ ಮನೆ ಇದೆ, ಗೋಡೆಗೆ ಸುಣ್ಣ ಬಳಿದ ದೊಡ್ಡ ಕೋಣೆ. ಭಾನುವಾರ ಐದಾರು ಜನ ಸೇರುತ್ತೇವೆ. ಒಂದು ಪ್ರೊಜೆಕ್ಟರ್, ಚಹಾ, ಗಿರಮಿಟ್ಟು. ಮೊದಲ ನಿಯಮ: ಥಿಯೇಟರಿಗೆ ಬಂದದ್ದನ್ನೇ ಮೊದಲು ನೋಡಬೇಕು. ಉದ್ದದ್ದನ್ನು ಮೊದಲು ನೋಡಿದರೆ ಚಿಕ್ಕದರಲ್ಲಿ ಬರೀ ತೂತುಗಳೇ ಕಾಣುತ್ತವೆ. ಅದು ಚಿಕ್ಕದಕ್ಕೆ ಮಾಡುವ ಅನ್ಯಾಯ. ನಡುವೆ ಕನಿಷ್ಠ ಎರಡು ವಾರ ಬಿಡುತ್ತೇವೆ. ಎರಡನೆಯದನ್ನು ನೋಡುವಾಗ ನನ್ನ ಕೈಯಲ್ಲಿ ನೋಟ್‌ಬುಕ್ ಇರುತ್ತದೆ. ಹೊಸದಾಗಿ ಬಂದದ್ದು, ಹೋದದ್ದು, ಜಾಗ ಬದಲಾದದ್ದು ಬರೆದುಕೊಳ್ಳುತ್ತೇನೆ. ಎಲ್ಲಕ್ಕಿಂತ ಮುಖ್ಯ ಇನ್ನೊಂದು ಸಾಲು: ಹಾಗೇ ಉಳಿದಿದ್ದರೂ ಬೇರೆ ಥರ ಅನಿಸಿದ್ದು. ಮನೆಗೆ ಬಂದ ಮೇಲೆ ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಒಂದರ ಕೆಳಗೊಂದು ಇಟ್ಟು ತಾಳೆ ನೋಡುತ್ತೇನೆ. ಇಲ್ಲಿ ನನ್ನ ಕಸುಬು ನೆರವಿಗೆ ಬರುತ್ತದೆ.

ನಿಮಿಷಗಳ ಲೆಕ್ಕ ನಂಬಬಾರದು ಅನ್ನೋದು ಬೇಗನೇ ಗೊತ್ತಾಯಿತು. ಒಂದು ಯುರೋಪಿನ ಡಿವಿಡಿ ಐದು ನಿಮಿಷ ಚಿಕ್ಕದಿತ್ತು. ಯಾವ ದೃಶ್ಯ ಹೋಗಿದೆ ಅಂತ ಎರಡು ದಿನ ಹುಡುಕಿದೆ. ಏನೂ ಹೋಗಿರಲಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ (PAL) ಅನ್ನುವ ಟಿವಿ ಪದ್ಧತಿಯಲ್ಲಿ 25. ಆ ಡಿವಿಡಿಗಳಲ್ಲಿ ಸಿನಿಮಾವನ್ನೇ ಸುಮಾರು ಶೇ. 4ರಷ್ಟು ಜೋರಾಗಿ ಓಡಿಸಿರುತ್ತಾರೆ. 120 ನಿಮಿಷದ್ದು 115 ಆಗುತ್ತದೆ. ಕಿವಿಗೊಟ್ಟು ಕೇಳಿದರೆ ಕೆಲವು ಸಲ ದನಿಯೂ ಒಂಚೂರು ಏರಿರುತ್ತದೆ. ಹಾಗಾಗಿ ಈಗ ಮೊದಲು ಫ್ರೇಮ್ ರೇಟ್ ನೋಡುತ್ತೇನೆ, ಆಮೇಲೆ ಉಳಿದದ್ದು.

ಉದ್ದದಿಂದ ಏನೂ ತಿಳಿಯುವುದಿಲ್ಲ ಅನ್ನುವುದಕ್ಕೆ ನನಗೆ ಸಿಕ್ಕ ದೊಡ್ಡ ಸಾಕ್ಷಿ 'ಬ್ಲೇಡ್ ರನ್ನರ್'. ಇದೂ ಸ್ಕಾಟ್ ಅವರದೇ. ಮನುಷ್ಯರ ಹಾಗೇ ತಯಾರಿಸಿದ ಕೃತಕ ಮನುಷ್ಯರನ್ನು ಬೇಟೆಯಾಡುವ ಪೊಲೀಸನೊಬ್ಬನ ಕತೆ. 1982ರಲ್ಲಿ ಬಿಡುಗಡೆಗೆ ಮೊದಲು ಪ್ರೇಕ್ಷಕರಿಗೆ ತೋರಿಸಿ ಪರೀಕ್ಷೆ ಮಾಡಿದರು. ಅರ್ಥ ಆಗಲಿಲ್ಲ ಅಂದರು ಜನ. ಆಗ ನಾಯಕ ಹ್ಯಾರಿಸನ್ ಫೋರ್ಡ್ ದನಿಯಲ್ಲಿ ಹಿನ್ನೆಲೆ ಮಾತು ಸೇರಿಸಿದರು. ಕೊನೆಗೆ ನಾಯಕ ನಾಯಕಿ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯ ಅಂಟಿಸಿದರು. ಅದಕ್ಕೆ ಬೇಕಾದ ಬೆಟ್ಟದ ಶಾಟ್‌ಗಳು ಸ್ಟಾನ್ಲಿ ಕ್ಯೂಬ್ರಿಕ್ ತಮ್ಮ 'ದಿ ಶೈನಿಂಗ್'ಗೆ ತೆಗೆದು ಬಳಸದೆ ಬಿಟ್ಟವು. 1992ರ ಆವೃತ್ತಿಯಲ್ಲಿ ಆ ಮಾತೂ ಹೋಯಿತು, ಬೆಟ್ಟವೂ ಹೋಯಿತು. ಕೆಲವೇ ಸೆಕೆಂಡಿನ ಒಂದು ಕನಸು ಬಂತು: ಕಾಡಿನಲ್ಲಿ ಓಡಿಬರುವ ಒಂಟಿಕೋಡಿನ ಕುದುರೆ. ಒಟ್ಟು ಅವಧಿ ಹೆಚ್ಚುಕಡಿಮೆ ಅಷ್ಟೇ.

ಕೊನೆಯಲ್ಲಿ ನಾಯಕ ನೆಲದ ಮೇಲಿಂದ ಕಾಗದದಲ್ಲಿ ಮಡಚಿದ ಒಂದು ಪುಟ್ಟ ಒಂಟಿಕೋಡಿನ ಕುದುರೆ ಎತ್ತಿಕೊಳ್ಳುತ್ತಾನೆ. ಅದು 1982ರದರಲ್ಲೂ ಇದೆ. ಅಲ್ಲಿ ಅದರ ಅರ್ಥ ಇಷ್ಟೇ: ಇನ್ನೊಬ್ಬ ಪೊಲೀಸ್ ಇಲ್ಲಿಗೆ ಬಂದಿದ್ದ, ಹುಡುಗಿಯನ್ನು ನೋಡಿಯೂ ಬಿಟ್ಟುಹೋದ. ಕನಸು ಸೇರಿದ ಮೇಲೆ ಅದೇ ಕಾಗದ ಬೇರೆ ಮಾತು ಆಡುತ್ತದೆ. ನನ್ನ ಕನಸಿನಲ್ಲಿ ಬಂದದ್ದು ಅವನಿಗೆ ಹೇಗೆ ಗೊತ್ತು? ಹಾಗಾದರೆ ನಾನೂ ತಯಾರಾದ ಮನುಷ್ಯನಾ? ಇದನ್ನು ಟೈಮ್‌ಲೈನ್‌ನಲ್ಲಿ ಇಟ್ಟು ನೋಡಿದಾಗ ನನಗೆ ನವಲಗುಂದದ ಆ ನಗು ಕಣ್ಣ ಮುಂದೆ ಬಂತು.

ಇನ್ನೊಂದು ಮಾತು. 1992ರದಕ್ಕೆ 'ಡೈರೆಕ್ಟರ್ಸ್ ಕಟ್' ಅಂತಲೇ ಹೆಸರು. ಆದರೆ ಸ್ಕಾಟ್ ಅವರಿಗೆ ಪೂರ್ತಿ ಹಿಡಿತ ಸಿಕ್ಕಿದ್ದು 2007ರ 'ಫೈನಲ್ ಕಟ್'ನಲ್ಲಿ. ಅಂದರೆ ಡಬ್ಬಿ ಮೇಲಿನ ಹೆಸರೂ ನಂಬುವ ಹಾಗಿಲ್ಲ. ಅವರ 'ಏಲಿಯನ್' ಸಿನಿಮಾದ 2003ರ ನಿರ್ದೇಶಕರ ಆವೃತ್ತಿ ಮೂಲಕ್ಕಿಂತ ಸುಮಾರು ಒಂದು ನಿಮಿಷ ಚಿಕ್ಕದು! ಪೀಟರ್ ಜಾಕ್ಸನ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಉದ್ದದ ಆವೃತ್ತಿಗಳಿಗೆ ಆ ಹೆಸರೇ ಇಲ್ಲ, 'ಎಕ್ಸ್‌ಟೆಂಡೆಡ್' ಅಷ್ಟೇ. ಥಿಯೇಟರಿಗೆ ಕೊಟ್ಟದ್ದೂ ಅವರು ಬೇಕೆಂದೇ ಕಟ್ಟಿದ್ದು.

ನಮ್ಮ ಗುಂಪಿನಲ್ಲಿ ಪಿಯು ಕಾಲೇಜಿನ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ಅವರು ಇದಕ್ಕೆ ಒಂದು ಒಳ್ಳೆಯ ಹೆಸರು ಕೊಟ್ಟರು: ಪಾಠಾಂತರ. ಗದುಗಿನ ಭಾರತದ ಓಲೆಗರಿ ಪ್ರತಿಗಳನ್ನು ಹೋಲಿಸುವವರು ಇದೇ ಕೆಲಸ ಮಾಡುತ್ತಾರಲ್ವಾ ಅಂದರು. "ಉದ್ದ ಐತಿ ಅಂತ ಯಾರೂ ಆ ಪ್ರತಿನ್ನ ಮೂಲ ಅನ್ನೂದಿಲ್ರೀ. ನಡುವ ಯಾರರೆ ಪದ್ಯ ಸೇರಿಸಿರಬಹುದು. ಬರದಾಂವ ಯಾರು, ಯಾವಾಗ ಬರದ, ಅದನ್ನ ಮೊದಲ ಕೇಳಬೇಕು." ಅವತ್ತಿನಿಂದ ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅದೇ ಇರುತ್ತದೆ: ಕತ್ತರಿ ಯಾರದು, ಯಾವಾಗ, ಯಾಕೆ.

ಈ ಪ್ರಶ್ನೆಗೆ ನನ್ನ ಸೋದರಮಾವನಿಂದ ಇನ್ನೊಂದು ಉತ್ತರ ಸಿಕ್ಕಿತು. ಅವರು ಹಾವೇರಿ ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಸ್ಟುಡಿಯೋ, ನಿರ್ದೇಶಕ ಅಂತ ನಾನು ಹೇಳುತ್ತಿದ್ದರೆ ಸುಮ್ನೆ ಕೇಳಿಸಿಕೊಂಡು ಅಂದರು: "ತಮ್ಮಾ, ನಮ್ಮಲ್ಲಿಗೆ ಬರೂದ್ರಾಗ ಪ್ರಿಂಟು ಹತ್ತು ಊರು ತಿರುಗಿರ್ತಿತ್ತು. ಹರದಲ್ಲಿ ಕತ್ತರಿಸಿ ಅಂಟಿಸೂದು. ಎರಡನೇ ಆಟ ತಡ ಆತಂದ್ರ ಒಂದು ಹಾಡು ಹಾರಿಸೂದು. ಆ ಡೈರೆಕ್ಟರ್ ಮಾಡಿದ್ದು ನಮ್ಮ ಊರಾಗ ಯಾರು ನೋಡ್ಯಾರ?" ಅವರ ಮಾತು ಕೇಳಿದ ಮೇಲೆ, ಥಿಯೇಟರ್ ಆವೃತ್ತಿ ಅಂದರೆ ಒಂದೇ ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ಪ್ರತಿ ಊರಿಗೂ ಒಂದೊಂದು ಇತ್ತು.

ಹಾಗಂತ ಕತ್ತರಿಸಿದ್ದೆಲ್ಲ ಕೆಟ್ಟದ್ದು ಅಂತ ನಾನು ಒಪ್ಪುವುದಿಲ್ಲ. 'ಸಿನಿಮಾ ಪ್ಯಾರಾಡಿಸೊ' ಇಟಲಿಯಲ್ಲಿ 1988ರಲ್ಲಿ ಬಂದಾಗ 155 ನಿಮಿಷ ಇತ್ತು. ಓಡಲಿಲ್ಲ. ಸುಮಾರು ಅರ್ಧ ಗಂಟೆ ಇಳಿಸಿದರು. ಆ ಚಿಕ್ಕದು ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಆಸ್ಕರನ್ನೂ ಗೆದ್ದಿತು. 2002ರಲ್ಲಿ ಸುಮಾರು 173 ನಿಮಿಷದ ಉದ್ದದ್ದು ಬಂತು. ಅದರಲ್ಲಿ ನಾಯಕ ತನ್ನ ಹಳೆಯ ಪ್ರೇಯಸಿಯನ್ನು ಮತ್ತೆ ಭೇಟಿ ಆಗುತ್ತಾನೆ, ಅವತ್ತು ಯಾಕೆ ತಪ್ಪಿಹೋಯಿತು ಅಂತ ತಿಳಿಯುತ್ತದೆ. ನನಗೆ ಚಿಕ್ಕದೇ ಬೇಕು. ಅದರಲ್ಲಿ ಆ ಹುಡುಗಿ ಏನಾದಳು ಅಂತ ಗೊತ್ತೇ ಆಗುವುದಿಲ್ಲ. ಊರಿನ ಪಾದ್ರಿ ಗಂಟೆ ಬಾರಿಸಿ ಕತ್ತರಿಸಿಹಾಕಿಸಿದ ಮುತ್ತಿನ ತುಣುಕುಗಳನ್ನೆಲ್ಲ ಮುದಿ ಆಪರೇಟರ್ ಕೂಡಿಸಿಟ್ಟಿರುತ್ತಾನೆ. ಕೊನೆಗೆ ನಾಯಕ ಒಬ್ಬನೇ ಕೂತು ಅದನ್ನು ನೋಡುತ್ತಾನೆ. ಕಳೆದದ್ದು ಕಳೆದೇ ಇದ್ದಾಗ ಆ ಮುತ್ತುಗಳ ತೂಕ ಜಾಸ್ತಿ. ಇದನ್ನು ಮಾವನಿಗೆ ತೋರಿಸಿದೆ. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. 'ಡಾನಿ ಡಾರ್ಕೊ' ವಿಷಯದಲ್ಲೂ ನನ್ನ ಮತ 2001ರ ಚಿಕ್ಕದಕ್ಕೇ. 2004ರ ಉದ್ದದ್ದು ಎಲ್ಲ ಬಿಡಿಸಿ ಹೇಳಲು ಹೋಗಿ ಸೊಬಗು ಕಳೆದುಕೊಂಡಿದೆ.

ಚಿಕ್ಕದಾಗಿಯೂ ತುಂಬಿರಬಹುದು ಅಂತ ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಲ ರೆಕಾರ್ಡ್‌ಗಳು 'ಗಾಂಧಾರಿ ಹುಬ್ಳಿ' ಅನ್ನುವ ಹೆಸರಲ್ಲಿ ಬಂದವು. ಆ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಬೈಠಕ್‌ನಲ್ಲಿ ಗಂಟೆಗಟ್ಟಲೆ ಹಾಡುವ ರಾಗ. ಆದರೆ ಹಾಡುವವರಿಗೆ ಅಳತೆ ಮೊದಲೇ ಗೊತ್ತಿತ್ತು, ಅದಕ್ಕೆ ತಕ್ಕ ಹಾಗೆ ಕಟ್ಟಿದರು. ಹಾಡಿ ಮುಗಿಸಿದ ಮೇಲೆ ಬೇರೆ ಯಾರೋ ಬಂದು ನಡುವಿನ ಆಲಾಪ ಕತ್ತರಿಸಿದ್ದರೆ? ಸಿನಿಮಾದಲ್ಲಿ ನನಗೆ ನೋವಾಗುವುದು ಅಂಥ ಕತ್ತರಿಗೆ.

ನಮ್ಮ ಗುಂಪು ಹೆಚ್ಚು ಜಗಳ ಆಡಿದ್ದು 'ಶೋಲೆ' ಬಗ್ಗೆ. ಅದು ನಮ್ಮ ರಾಮನಗರದ ಬಂಡೆಗಳಲ್ಲೇ ತೆಗೆದ ಸಿನಿಮಾ. ರಮೇಶ್ ಸಿಪ್ಪಿ ತೆಗೆದ ಮೂಲ ಕೊನೆಯಲ್ಲಿ, ಕೈ ಇಲ್ಲದ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ತುಳಿದು ಸಾಯಿಸುತ್ತಾನೆ. 1975, ತುರ್ತು ಪರಿಸ್ಥಿತಿ ಕಾಲ. ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಕೊನೆ ತೆಗೆಯಬೇಕಾಯಿತು. ನಾವೆಲ್ಲ ನೋಡಿ ಬೆಳೆದದ್ದು ಅದನ್ನೇ. ಐವತ್ತು ವರ್ಷ ಆದ ಮೇಲೆ, 2025ರಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಷನ್ ದುರಸ್ತಿ ಮಾಡಿದ ಮೂಲ ಆವೃತ್ತಿ ಇಟಲಿಯ ಬೊಲೊನ್ಯಾದಲ್ಲಿ ಮೊದಲು ತೆರೆ ಕಂಡಿತು.

ಇಲ್ಲಿ ಕತ್ತರಿ ಹಿಡಿದದ್ದು ಸ್ಟುಡಿಯೋ ಅಲ್ಲ, ಸರ್ಕಾರ. ಮೇಷ್ಟ್ರು, ಐವತ್ತು ವರ್ಷ ಜನ ನೋಡಿದ್ದೇ ನಿಜವಾದ ಶೋಲೆ ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ತನ್ನ ಮನೆಯವರನ್ನು ಕಳೆದುಕೊಂಡು ಸಿನಿಮಾ ಪೂರ್ತಿ ಶಾಲಿನೊಳಗೆ ಸುಮ್ಮನೆ ಕಾದವನು ಆ ಠಾಕೂರ್. ಪೊಲೀಸರ ಒಂದು ಮಾತಿಗೆ ಅವನು ಕಾಲು ಹಿಂದೆ ತೆಗೆಯುವಾಗ ಪಾತ್ರ ಅಲ್ಲೇ ಮುರಿಯುತ್ತದೆ. ಮೂಲ ಕೊನೆ ಇದ್ದರೆ, ಅದಕ್ಕೂ ಮೊದಲು ಆ ಬೂಟು ಕಂಡಾಗೆಲ್ಲ ಎದೆ ಬಿಗಿಯುತ್ತದೆ.

ಆ ಕೊನೆ ಎಲ್ಲೋ ಒಂದು ಕಡೆ ಉಳಿದಿತ್ತು, ಅದಕ್ಕೇ ಹೋಲಿಸಲು ಆಯಿತು. ಆರ್ಸನ್ ವೆಲ್ಸ್ ಅವರ 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್'ಗೆ ಆ ಭಾಗ್ಯ ಇರಲಿಲ್ಲ. 1942ರಲ್ಲಿ ಅವರು ಬ್ರೆಜಿಲ್‌ನಲ್ಲಿದ್ದಾಗ ಸ್ಟುಡಿಯೋ 40 ನಿಮಿಷಕ್ಕೂ ಹೆಚ್ಚು ಕತ್ತರಿಸಿತು, ಕೊನೆಯನ್ನೂ ಬದಲಿಸಿತು. ಕತ್ತರಿಸಿದ ನೆಗೆಟಿವ್ ನಾಶ ಮಾಡಿದರು. ಹೋಲಿಸಲು ಎರಡನೆಯದೇ ಇಲ್ಲ.

ನನ್ನ ಹತ್ತಿರವೂ ಇಲ್ಲ. ಆಗ ನಾನಿದ್ದ ಸ್ಟುಡಿಯೋದಲ್ಲಿ ವರ್ಷ ತುಂಬಿದ ಫುಟೇಜ್ ಅಳಿಸಿ ಹಾರ್ಡ್ ಡಿಸ್ಕ್ ಖಾಲಿ ಮಾಡುತ್ತಿದ್ದರು. ಹೋದ ವರ್ಷ ಆ ನವಲಗುಂದದ ಹುಡುಗ, ಪಟಗಾ ಜಾರಿದವನು, ತನ್ನ ಮದುವೆ ವಿಡಿಯೋ ಮಾತಾಡಲು ಬಂದಿದ್ದ. ಆ ಹನ್ನೊಂದು ಸೆಕೆಂಡ್ ಸಿಗುತ್ತದಾ ಅಂತ ಕೇಳಿದ. ಇಲ್ಲ ಅಂದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದ. ಅವರ ಮನೆಯಲ್ಲಿ ಈಗಲೂ ಆ ವಿಡಿಯೋ ಹಾಕಿದರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಅವನು ರಿಮೋಟ್ ಒತ್ತಿ ನಿಲ್ಲಿಸುತ್ತಾನಂತೆ. ಎದ್ದು ನಿಂತು ಟವೆಲ್ ಸುತ್ತಿಕೊಂಡು, ಪಟಗಾ ಹೇಗೆ ಜಾರಿತು ಅಂತ ಮಾಡಿ ತೋರಿಸುತ್ತಾನೆ. ಆಮೇಲೆ ಮತ್ತೆ ಒತ್ತುತ್ತಾನೆ. ಅಕ್ಕ ನಗುತ್ತಾಳೆ.