ಸ್ಕಾಲರ್‌ಶಿಪ್ ಸಿಕ್ಕಿದ ಮೇಲಿನ ಮೂರು ವರ್ಷ

2022ರಲ್ಲಿ ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸು ಮುಗಿಸಿದಾಗ ನನಗೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು. ಕಾಲೇಜುಗಳಲ್ಲಿ ಸೆಂಟ್ರಲ್ ಸೆಕ್ಟರ್ ಅಂತ ಕರೆಯುವುದು ಇದನ್ನೇ. ಬೋರ್ಡ್ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಮನೆಯ ವರ್ಷದ ಆದಾಯ 4.5 ಲಕ್ಷ ದಾಟಬಾರದು. ಪರ್ಸೆಂಟೈಲ್ ಅಂದರೆ ಪರ್ಸೆಂಟ್ ಅಲ್ಲ. ನಿಮ್ಮ ಜೊತೆ ಬರೆದ ನೂರರಲ್ಲಿ ಎಂಬತ್ತು ಮಂದಿಗಿಂತ ನೀವು ಮುಂದಿದ್ದೀರಾ ಅನ್ನುವ ಲೆಕ್ಕ ಅದು. ಇದನ್ನು ತಪ್ಪು ತಿಳಿದು ಅರ್ಜಿಯನ್ನೇ ಹಾಕದ ಇಬ್ಬರು ನನ್ನ ಕ್ಲಾಸಿನಲ್ಲೇ ಇದ್ದರು.

ಡಿಗ್ರಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಪ್ಪ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಹೋಗುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಪರೀಕ್ಷಾ ಫೀಸು, ಲ್ಯಾಬ್ ರೆಕಾರ್ಡ್, ಪುಸ್ತಕ ಎಲ್ಲ ಈ ದುಡ್ಡಿನಲ್ಲೇ ಆಗಬೇಕಿತ್ತು.

ಸಿಕ್ಕಿತಲ್ಲ, ಇನ್ನು ಮೂರು ವರ್ಷ ತಾನಾಗಿ ಬರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು, ನಾನೂ ಸಹ. ಹಾಗಲ್ಲ. ಪ್ರತಿ ವರ್ಷ ಪರೀಕ್ಷೆಯಲ್ಲಿ ಕಡಿಮೆ ಅಂದರೆ 50% ಮಾರ್ಕ್ ಬೇಕು, 75% ಹಾಜರಿ ಬೇಕು, ಎರಡೂ ಇದ್ದರೂ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನಾವೇ ರಿನ್ಯೂವಲ್ ಅರ್ಜಿ ಹಾಕಬೇಕು. ಪಾಸಾದರೆ ಸಾಕು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನನಗೆ ಇದು ಬಿಸಿ ಮುಟ್ಟಿದ್ದು ಮೊದಲ ಸೆಮಿಸ್ಟರಿನಲ್ಲೇ. ನವೆಂಬರಿನಲ್ಲಿ ಕಾಮಾಲೆ ಬಂತು. ನಮ್ಮ ಕಡೆ ಕಾಮಾಲೆಗೆ ಹಳ್ಳಿ ಮದ್ದೇ ಮೊದಲು. ಬದಿಯಡ್ಕದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಾಮಾಲೆ ಹೌದು ಅಂತ ಗೊತ್ತಾದ ಮೇಲೆ ಅಮ್ಮ ನನ್ನನ್ನು ಮದ್ದು ಕೊಡುವ ಒಬ್ಬರ ಮನೆಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪಿಲ್ಲದ ಗಂಜಿ, ಒಂದು ತಿಂಗಳು ಹಾಸಿಗೆ. 23 ದಿನದ ಕ್ಲಾಸು ಹೋಯಿತು. ಮದುವೆ, ತರವಾಡು ಮನೆಯ (ಕುಟುಂಬದ ಮೂಲ ಮನೆಯ) ದೈವದ ಕೋಲ ಅಂತ ಇನ್ನೂ 6 ದಿನ ತಪ್ಪಿಸಿದ್ದೆ. 90 ದಿನದಲ್ಲಿ ನಾನು ಇದ್ದದ್ದು 61 ದಿನ. ಅಂದರೆ 68% ಕೂಡ ಇಲ್ಲ.

ಪರೀಕ್ಷೆಗೆ ಕೂರಲು ಬಿಡಬೇಕಾದರೆ ಮೆಡಿಕಲ್ ಸರ್ಟಿಫಿಕೇಟ್ ತಾ ಅಂತ ಕಾಲೇಜಿನಲ್ಲಿ ಅಂದರು. ಹಳ್ಳಿ ಮದ್ದಿಗೆ ಸರ್ಟಿಫಿಕೇಟ್ ಎಲ್ಲಿಂದ ತರುವುದು? ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದೆ. ನಾನು ನೋಡದ ರೋಗಕ್ಕೆ ಕಳೆದ ತಿಂಗಳ ತಾರೀಕು ಹಾಕಿ ಹೇಗೆ ಬರೆಯಲಿ ಅಂತ ಕೇಳಿದರು. ಅವರು ಹೇಳಿದ್ದು ಸರಿಯೇ. ಕೊನೆಗೆ ಕೈ ಹಿಡಿದದ್ದು ಆ ಲ್ಯಾಬ್ ರಿಪೋರ್ಟ್. ಅಮ್ಮ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟಿದ್ದರು. ಅದರಲ್ಲಿ ತಾರೀಕು ಇತ್ತು, ಕಾಮಾಲೆ ತೋರಿಸುವ ಬಿಲಿರುಬಿನ್ ರಕ್ತದಲ್ಲಿ ಎಷ್ಟು ಅಂತ ಇತ್ತು. ಡಾಕ್ಟರು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಎರಡನ್ನೂ ಜೊತೆಗಿಟ್ಟು ನೋಡಿ ಬರೆದುಕೊಟ್ಟರು. ಮದ್ದು ಯಾರದ್ದೇ ಮಾಡಿ, ಅದು ನಿಮ್ಮ ನಂಬಿಕೆ. ಆದರೆ ಹುಷಾರಿಲ್ಲದಾಗ ಮೊದಲ ದಿನವೇ ಒಬ್ಬ ಡಾಕ್ಟರಿಗೆ ತೋರಿಸಿ ಚೀಟಿ ಮಾಡಿಸಿಕೊಳ್ಳಿ.

ಪರೀಕ್ಷೆಗೆ ಕೂರಲು ಅನುಮತಿ ಸಿಕ್ಕಿತು. ಸ್ಕಾಲರ್‌ಶಿಪ್ಪಿನ ಕತೆ ಬೇರೆ. ನಮ್ಮ ಅರ್ಜಿಯನ್ನು ಕಾಲೇಜಿನಲ್ಲಿ ಪರಿಶೀಲಿಸುವ ನೋಡಲ್ ಆಫೀಸರ್ ಒಬ್ಬರು ಟೀಚರ್. ಅವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ನಾನು ನೋಡುವುದು ಇಡೀ ವರ್ಷದ ಹಾಜರಿ. ಮುಂದಿನ ಸೆಮ್‌ನಲ್ಲಿ ಎಷ್ಟು ಬೇಕು ಅಂತ ನೀನೇ ಲೆಕ್ಕ ಹಾಕು, ಮಗಳೇ’ ಅಂದರು.

ಬಸ್ಸಿನಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ 180 ದಿನ ಅಂತ ಹಿಡಿದರೆ 75% ಅಂದರೆ 135 ದಿನ. 61 ಆಗಿದೆ. ಇನ್ನು 74 ಬೇಕು. ಅಂದರೆ ಇಡೀ ಸೆಮಿಸ್ಟರಿನಲ್ಲಿ ಹೆಚ್ಚೆಂದರೆ 16 ದಿನ ತಪ್ಪಬಹುದು. ಮರುದಿನ ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಒಂದು ಪುಟದಲ್ಲಿ 16 ಚೌಕ ಎಳೆದೆ. ರಜೆ ಹಾಕಿದ ದಿನ ಒಂದು ಚೌಕಕ್ಕೆ ಗೀಟು, ಪಕ್ಕದಲ್ಲಿ ಕಾರಣ. ‘ಬಸ್ ಕೆಟ್ಟಿತು’, ‘ಅಜ್ಜಿ ಆಸ್ಪತ್ರೆ’, ‘ಜ್ವರ, ಚೀಟಿ ಇದೆ’. ಸುಮ್ನೆ ರಜೆ ಹಾಕಬೇಕು ಅನಿಸಿದಾಗ ಖಾಲಿ ಚೌಕ ಎಷ್ಟಿದೆ ಅಂತ ನೋಡುತ್ತಿದ್ದೆ, ಮತ್ತೆ ಬ್ಯಾಗ್ ಹಿಡಿದು ಹೊರಡುತ್ತಿದ್ದೆ. ತಿಂಗಳಿಗೊಮ್ಮೆ ಟೀಚರ ರಿಜಿಸ್ಟರಿಗೂ ನನ್ನ ಪುಸ್ತಕಕ್ಕೂ ಹೋಲಿಸಿ ನೋಡುತ್ತಿದ್ದೆ. ಒಮ್ಮೆ ಎರಡು ದಿನದ ವ್ಯತ್ಯಾಸ ಬಂತು. ನಾನು ಲ್ಯಾಬಿನಲ್ಲಿದ್ದ ದಿನಗಳು ಅವು. ಆ ವಾರವೇ ಹೇಳಿದ್ದಕ್ಕೆ ಸರಿಯಾಯಿತು, ವರ್ಷದ ಕೊನೆಗೆ ಹೋಗಿ ಹೇಳಿದ್ದರೆ ಯಾರಿಗೆ ನೆನಪಿರುತ್ತಿತ್ತು? ಕೊನೆಗೆ 11 ಚೌಕ ತುಂಬಿತ್ತು, ವರ್ಷದ ಹಾಜರಿ 140 ದಿನ.

ಮಾರ್ಕಿನ ಕಷ್ಟ ಇದಕ್ಕಿಂತ ಜಾಸ್ತಿ. ಪ್ಲಸ್ ಟುವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಕಾಸರಗೋಡಿನ ಮಕ್ಕಳಿಗೆ ಇದು ಗೊತ್ತಿರುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿ, ಟೀಚರ್ ಬಿಡಿಸಿ ಹೇಳುವುದು ಮಲಯಾಳದಲ್ಲಿ, ತಲೆಯೊಳಗೆ ಓಡುವುದು ಕನ್ನಡ. ನಾನು ವೇಗೋತ್ಕರ್ಷ ಅಂತ ಕಲಿತದ್ದು ಪುಸ್ತಕದಲ್ಲಿ ಆಕ್ಸಲರೇಷನ್, ಕ್ಲಾಸಿನಲ್ಲಿ ತ್ವರಣಂ. ಮೂರೂ ಒಂದೇ ಅಂತ ಹೊಳೆಯುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತಿತ್ತು. ಮೊದಲ ಸೆಮ್‌ನಲ್ಲಿ ಒಟ್ಟು 46% ಬಂತು. ಎಲ್ಲ ಪೇಪರೂ ಪಾಸ್, ಆದರೂ ಸ್ಕಾಲರ್‌ಶಿಪ್ಪಿಗೆ ಸಾಲದು.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಮೂರು ಕಾಲಂ ಮಾಡಿದೆ, ಕನ್ನಡ, ಇಂಗ್ಲಿಷ್, ಮಲಯಾಳ. ದಿನಕ್ಕೆ ಐದಾರು ಶಬ್ದ. ಪೆರ್ಲದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದೆ. ಇಂಟರ್ನಲ್ ಮಾರ್ಕನ್ನು ಒಂದೂ ಬಿಡಲಿಲ್ಲ. ಅಸೈನ್‌ಮೆಂಟ್, ಸೆಮಿನಾರ್, ಟೆಸ್ಟ್ ಎಲ್ಲ ಹೇಳಿದ ದಿನಕ್ಕೆ ಕೊಟ್ಟೆ. ಇಂಗ್ಲಿಷ್ ಕಷ್ಟ ಇರುವವರಿಗೆ ಇಂಟರ್ನಲ್ ದೊಡ್ಡ ಆಸರೆ. ಮನೆಯಲ್ಲಿ ಕೂತು, ಡಿಕ್ಷನರಿ ಇಟ್ಟುಕೊಂಡು, ನಿಧಾನಕ್ಕೆ ಬರೆಯಬಹುದು ಅಲ್ವಾ. ಒಂದು ಗಣಿತದ ಪೇಪರ್ ಈ ಸಲ ಬಿಟ್ಟು ಆಮೇಲೆ ಸಪ್ಲಿಮೆಂಟರಿ ಬರಿ ಅಂತ ಗೆಳತಿ ಹೇಳಿದಳು. ಬರೆಯದ ಪೇಪರಿಗೆ ಮಾರ್ಕೇ ಇಲ್ಲ, ಆ ವರ್ಷದ ಒಟ್ಟು ಮಾರ್ಕ್ ಕೆಳಗೆ ಬೀಳುತ್ತದೆ ಅಂತ ಹೆದರಿ ಬರೆದೇ ಬಿಟ್ಟೆ. ಆ ಸೆಮ್‌ನಲ್ಲಿ 57% ಬಂತು, ಎರಡೂ ಸೇರಿ 50 ದಾಟಿತು.

ಇಷ್ಟೆಲ್ಲ ಆದ ಮೇಲೆ ಅರ್ಜಿ ತುಂಬುವಾಗ ನಾನೇ ತಪ್ಪು ಮಾಡಿದೆ. 2023ರ ರಿನ್ಯೂವಲ್‌ನಲ್ಲಿ ಎರಡೂ ಸೆಮಿಸ್ಟರ್ ಸೇರಿಸಿ ಹಾಕುವ ಬದಲು ಮೊದಲ ಸೆಮ್‌ನ ಮಾರ್ಕ್ ಮಾತ್ರ ಹಾಕಿಬಿಟ್ಟೆ. ಅರ್ಜಿ ಡಿಫೆಕ್ಟ್ ಆಗಿ ವಾಪಸ್ ಬಂತು. ಮೆಸೇಜ್ ಹೋದದ್ದು ಅಪ್ಪನ ಫೋನಿಗೆ, ಅಪ್ಪ ತೋಟದಲ್ಲಿ. ನಾನು ಲಾಗಿನ್ ಮಾಡಿ ನೋಡುವಾಗ ಕೊನೆಯ ತಾರೀಕಿಗೆ ನಾಲ್ಕು ದಿನ ಇತ್ತು. ಡಿಫೆಕ್ಟ್ ಅಂದರೆ ತಿರಸ್ಕಾರ ಅಲ್ಲ, ತಿದ್ದಿ ಮತ್ತೆ ಕಳಿಸು ಅಂತ ಅರ್ಥ. ಅದು ಗೊತ್ತಿಲ್ಲದೆ ಅರ್ಧ ದಿನ ಅತ್ತಿದ್ದೇನೆ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಎರಡೂ ಮಾರ್ಕ್‌ಲಿಸ್ಟ್ ಸ್ಕ್ಯಾನ್ ಮಾಡಿಸಿ ಅದೇ ಸಂಜೆ ಕಳಿಸಿದೆ, ಮರುದಿನ ಟೀಚರಿಗೆ ನೆನಪಿಸಿದೆ. ಅಂದಿನಿಂದ ಪ್ರತಿ ಶನಿವಾರ ಸ್ಟೇಟಸ್ ನೋಡುವುದು ಅಭ್ಯಾಸವಾಯಿತು.

2024ರಲ್ಲಿ ಪೋರ್ಟಲ್‌ನಲ್ಲಿ ಒಟಿಆರ್ (ಒನ್ ಟೈಮ್ ರಿಜಿಸ್ಟ್ರೇಷನ್) ಅಂತ ಬಂತು, ಆಧಾರ್ ಮೇಲೆ ಸಿಗುವ 14 ಅಂಕಿಯ ನಂಬರ್. ಒಮ್ಮೆ ಮಾಡಿಸಿದರೆ ಮುಗಿಯಿತು. ನನಗೆ ತಲೆನೋವಾದದ್ದು ಬ್ಯಾಂಕಿನದು. ನಡುವೆ ಬೇರೆ ಬ್ಯಾಂಕಿನಲ್ಲಿ ಒಂದು ಹೊಸ ಅಕೌಂಟ್ ಮಾಡಿಸಿದ್ದೆ, ಆಧಾರ್ ಕೊಟ್ಟಿದ್ದೆ. ಹಳೆಯ ಪಾಸ್‌ಬುಕ್ ಹಿಡಿದು ಒಂದು ತಿಂಗಳು ಕಾದರೂ ದುಡ್ಡು ಬರಲಿಲ್ಲ, ನೋಡಿದರೆ ಹೊಸ ಅಕೌಂಟಿಗೆ ಬಂದು ಕೂತಿತ್ತು. ಈ ದುಡ್ಡು ಹೋಗುವುದು ಆಧಾರ್ ಸೀಡಿಂಗ್ ಇರುವ, ಅಂದರೆ ಸರ್ಕಾರದ ದುಡ್ಡು ಬರಲು ಆಧಾರ್ ನಂಬರಿಗೆ ಜೋಡಿಸಿದ ಅಕೌಂಟಿಗೆ. ಬ್ಯಾಂಕಿಗೆ ಆಧಾರ್ ಕಾಪಿ ಕೊಡುವುದು ಬೇರೆ, ಸೀಡಿಂಗ್ ಬೇರೆ. ಯಾವ ಬ್ಯಾಂಕಿಗೆ ಸೀಡ್ ಆಗಿದೆ ಅಂತ ಮೈ ಆಧಾರ್ ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದರೆ ಕಾಣುತ್ತದೆ. ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.

ಆ ನೋಟ್‌ಬುಕ್ ಈಗ ತಂಗಿಯ ಬ್ಯಾಗಿನಲ್ಲಿದೆ, ಅವಳಿಗೂ ಇದೇ ಸ್ಕಾಲರ್‌ಶಿಪ್. ಹಿಂದಿನ ಮೂರು ಕಾಲಂ ಅವಳಿಗೆ ಹಾಗೆಯೇ ಉಪಯೋಗಕ್ಕೆ ಬರುತ್ತಿದೆ. ಮುಂದಿನ ಪುಟದಲ್ಲಿ ಹೊಸ ಚೌಕಗಳನ್ನು ಅವಳೇ ಎಳೆದುಕೊಂಡಿದ್ದಾಳೆ. ಇಷ್ಟರವರೆಗೆ ಎರಡಕ್ಕೆ ಗೀಟು ಬಿದ್ದಿದೆ, ಎರಡಕ್ಕೂ ಡಾಕ್ಟರ ಚೀಟಿ ಇದೆ.