ಬೆಲ್ ಆದರೆ ಬೊಗಳುವ, ಬಂದವರ ಮೈಮೇಲೆ ಎಗರುವ ನಾಯಿಗೆ ಏನು ಮಾಡುವುದು?

ಕಾಲಿಂಗ್ ಬೆಲ್ ಆದ ಕೂಡಲೇ ನಾಯಿ ಬೊಗಳುತ್ತದೆ, ಹಿಂದೆಯೇ ನಾವು "ಏಯ್, ಸುಮ್ನಿರು!" ಅಂತ ಕೂಗುತ್ತೇವೆ. ಮನೆಯವರೂ ತನ್ನ ಜೊತೆ ಬೊಗಳುತ್ತಿದ್ದಾರೆ ಅಂತ ಅದು ಅಂದುಕೊಂಡರೆ ತಪ್ಪೇನಿಲ್ಲ.

ನಾಯಿಯ ಲೆಕ್ಕವೇ ಬೇರೆ. ಕೊರಿಯರ್‌ನವರು ಬರುತ್ತಾರೆ, ಅದು ಬೊಗಳುತ್ತದೆ, ಅವರು ಪಾರ್ಸೆಲ್ ಕೊಟ್ಟು ಹೊರಡುತ್ತಾರೆ. ಅವರು ಹೋಗಿದ್ದು ಕೆಲಸ ಮುಗಿಯಿತು ಅಂತ, ನಾಯಿಯ ಪ್ರಕಾರ ಓಡಿಸಿದ್ದು ತಾನೇ. ದಿನಾ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ? ನೆಂಟರ ಮೇಲೆ ಎಗರುವುದಕ್ಕೂ ಹೀಗೇ ಏನಾದರೂ ಸಿಗುತ್ತಿರುತ್ತದೆ. ನೀವು ಕೈಯಲ್ಲಿ ತಳ್ಳಿದರೂ, ಬೈದರೂ ಅದನ್ನು ಮಾತಾಡಿಸಿದಿರಿ ಅಂತಲೇ ಅರ್ಥ.

ಮೊದಲು ಬೆಲ್ ನೋಡೋಣ. ಅದರ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ನಾಯಿ ಕಿವಿ ನಿಮಿರಿಸಿದರೂ ಬೊಗಳಬಾರದು, ಅಷ್ಟು ಸಣ್ಣಗೆ ಹಾಕಿ, ತಕ್ಷಣ ಬೇಯಿಸಿದ ಕೋಳಿಯದ್ದೋ ಪನೀರಿನದ್ದೋ ಒಂದು ಚೂರು ಕೊಡಿ. ಕಡಲೆಕಾಳಿನಷ್ಟು ಸಾಕು. (ಈರುಳ್ಳಿ, ಮಸಾಲೆ ಹಾಕಿದ್ದು ಬೇಡ. ದ್ರಾಕ್ಷಿ, ಚಾಕೊಲೇಟ್ ಅಂತೂ ನಾಯಿಗೆ ವಿಷ.) ದಿನಕ್ಕೆ ಎರಡು ಸಲ, ಐದೈದು ನಿಮಿಷ ಮಾಡಿ. ಸದ್ದನ್ನು ಸ್ವಲ್ಪಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗಿ, ಬೊಗಳಿತೋ, ನೀವು ಅವಸರ ಮಾಡಿದಿರಿ ಅಂತ, ಮತ್ತೆ ಇಳಿಸಿ.

ಆಮೇಲೆ ಬಾಗಿಲಿನಿಂದ ದೂರಕ್ಕೆ ಒಂದು ಚಾಪೆ ಹಾಸಿ. ತಿಂಡಿ ಸಿಗುವುದು ಅದರ ಮೇಲೆ ಕೂತರೆ ಮಾತ್ರ. "ಜಾಗಕ್ಕೆ" ಅಂದ ತಕ್ಷಣ ಹೋಗಿ ಕೂರುವುದು ಕಲಿತ ಮೇಲೆ ಇದನ್ನು ಬೆಲ್ ಜೊತೆ ಸೇರಿಸಿ.

ನೆಂಟರು ಬಂದಾಗ ಬೆಲ್ಟ್ ಹಾಕಿ ಹಿಡಿದುಕೊಳ್ಳಿ. ಎಗರಿದರೆ ಬಂದವರು ಕೈಕಟ್ಟಿ, ಪಕ್ಕಕ್ಕೆ ತಿರುಗಿ, ಅದರ ಮುಖ ನೋಡದೆ ನಿಲ್ಲಲಿ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮುದ್ದು ಮಾಡಲಿ. ಇಲ್ಲಿ ನಾಯಿಗಿಂತ ಜಾಸ್ತಿ ಕಾಟ ಕೊಡುವವರು "ಪರವಾಗಿಲ್ಲ ಬಿಡಿ, ನಂಗೆ ನಾಯಿ ಅಂದ್ರೆ ಪ್ರಾಣ" ಅನ್ನುವ ಮಾವ! ಹತ್ತು ಸಲಕ್ಕೆ ಒಂದು ಸಲ ಮುದ್ದು ಸಿಕ್ಕರೂ ಸಾಕು, ಚಾಳಿ ಹೋಗುವುದಿಲ್ಲ. ಮೊದಮೊದಲು ಎಗರಾಟ ಜಾಸ್ತಿಯೇ ಆಗಬಹುದು, ಇಷ್ಟು ದಿನ ಸಿಗುತ್ತಿದ್ದದ್ದು ಈಗ ಯಾಕೆ ಸಿಗುತ್ತಿಲ್ಲ ಅಂತ ಅದು ಹಟ ಹಿಡಿಯುತ್ತದೆ. ಆಗ ಸೋತು ಮುದ್ದಿಸಿದರೆ, ಹಟ ಹಿಡಿದರೆ ಸಿಗುತ್ತದೆ ಅಂತ ನೀವೇ ಕಲಿಸಿದಿರಿ.

ಹೊಡೆಯಬೇಡಿ. ಗುರ್ ಅಂದಿದ್ದಕ್ಕೆ ಹೊಡೆದರೆ ಗುರ್ ಅನ್ನುವುದು ನಿಲ್ಲಬಹುದು, ಒಳಗಿನ ಭಯ ಹಾಗೇ ಇರುತ್ತದೆ. ಮುಂದಿನ ಸಲ ಮುನ್ಸೂಚನೆ ಇಲ್ಲದೆ ಬಾಯಿ ಹಾಕೀತು. ತಣ್ಣಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಲು ಶುರುಮಾಡಿದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿಯ ಸೋಂಕೋ ಹಲ್ಲುನೋವೋ ಕೀಲುನೋವೋ ಇದ್ದೀತು. ಯಾರಿಗಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಯಿಗೆ ಲಸಿಕೆ ಹಾಕಿಸಿದ್ದರೂ ಸರಿಯೇ.